ಮನೀಶನ ಸೈಕಲ್ಲಿಗೆ ಹಾಕಿದ ಬ್ರೇಕು

ಡೊಂಬಿವಲಿ ಪೂರ್ವ
೨೦ ಜನವರಿ ೨೦೨೫

ಲಕ್ಷ್ಮೀಕಾಂತ ಅವರಿಗೆ,

ನಾನು ಸುಗುಣಾ, ಮನೀಶನ ತಾಯಿ. ಅಕ್ಟೋಬರ್ ಹತ್ತನೇ ತಾರೀಕು ಗುರುವಾರ ಠಾಣೆ ಶಹರದ ನಿಮ್ಮ ಅಂಗಡಿಯಿಂದ ಹೊಸ ಸೈಕಲ್ ತೆಗೆದುಕೊಂಡು ಹೋದ ಹುಡುಗ. ಹದಿಮೂರಕ್ಕೆ, ಭಾನುವಾರ ಬೆಳಿಗ್ಗೆ, ಬದಲಾಪುರದ ಆಚೆ ಬಾರವಿ ಅಣೆಕಟ್ಟಿನ ಕಡೆಯ ಇಳಿಜಾರಿನಲ್ಲಿ ಮೋರಿಯ ಗೋಡೆಗೆ ಬಡಿದು ಹೋದವನು. ಇಷ್ಟು ಹೇಳಿದರೆ ನಿಮಗೆ ನೆನಪಾಗಬಹುದು.

ನೀವು ಕನ್ನಡದವರು ಎಂದು ಅವನ ಗೆಳೆಯ ಸಮಿತ್ ಹೇಳಿದ. ಮನೀಶ ನಿಮ್ಮ ಹತ್ತಿರ ಹಿಂದಿಯಲ್ಲೇ ಮಾತಾಡಿದ್ದನಂತೆ. ಇಲ್ಲೇ ಹುಟ್ಟಿ ಬೆಳೆದವನು. ನಾವು ಮನೆಯಲ್ಲಿ ತುಳುವಿನಲ್ಲಿ ಕೇಳಿದರೂ ಅವನ ಉತ್ತರ ಹಿಂದಿಯಲ್ಲೇ ಬರುತ್ತಿತ್ತು.

ಅಂಗಡಿಗೆ ಎರಡು ಸಲ ಫೋನ್ ಮಾಡಿದೆ. ಒಮ್ಮೆ ನಿಮ್ಮ ಸೇಠ್ ಕಶ್ಯಪ ಎತ್ತಿ, ಪೊಲೀಸರಿಗೆ ಎಲ್ಲ ಹೇಳಿ ಆಗಿದೆ ಆಂಟಿ ಎಂದು ಇಟ್ಟುಬಿಟ್ಟ. ಇನ್ನೊಮ್ಮೆ ನೀವೇ ಎತ್ತಿದಿರಿ. ನಾನೇ ಇಟ್ಟುಬಿಟ್ಟೆ. ಕಾಗದವಾದರೆ ನಡುವೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ಬರೆಯಬಹುದು.

ನನಗೆ ಒಂದೇ ವಿಷಯ ತಿಳಿಯಬೇಕು. ಆ ದಿನ ಸಮಿತ್ ಅವನ ಹಿಂದೆ ಬರುತ್ತಿದ್ದ. ಇಳಿಜಾರಿನ ಅರ್ಧಕ್ಕೆ ಮನೀಶ “ಬ್ರೇಕ್ ನಹೀ ಲಗ್ ರಹಾ”, ಬ್ರೇಕ್ ಹಿಡಿಯುತ್ತಿಲ್ಲ ಎಂದು ಕೂಗಿದನಂತೆ. ನನ್ನ ಮಗನ ಕೊನೆಯ ಮಾತು ಅದು. ಅವನಿಗೆ ಹೈಡ್ರಾಲಿಕ್ ಎನ್ನುವ ಒಳ್ಳೆಯ ಬ್ರೇಕು ಬೇಕಾಗಿತ್ತು, ನೀವು ಅವನ ಮನಸ್ಸು ತಿರುಗಿಸಿ ವೈರಿನ ಬ್ರೇಕು ಹಾಕಿಸಿದಿರಿ ಎಂದು ಸಮಿತ್ ಹೇಳುತ್ತಾನೆ. ಏನು ಹಾಕಿದಿರಿ, ಯಾಕೆ ಹಾಕಿದಿರಿ, ನನಗೆ ಅರ್ಥವಾಗುವ ಹಾಗೆ ಬರೆಯಿರಿ. ನಾನು ಮೂವತ್ತು ವರ್ಷದಿಂದ ಹೊಲಿಗೆ ಮಾಡುವವಳು. ಮಷೀನಿನ ವಿಷಯ ಹೇಳಿದರೆ ತಿಳಿಯುತ್ತದೆ.

ಸುಗುಣಾ


ಶಹಾಡ್
೨ ಫೆಬ್ರವರಿ ೨೦೨೫

ಸುಗುಣಾ ತಾಯಿಯವರಿಗೆ ಲಕ್ಷ್ಮೀಕಾಂತ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಬಂದಾಗ ಸೇಠ್ ಕವರನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಯಾವ ಭಾಷೆ ಎಂದು ಕೇಳಿದರು. ನಮ್ಮ ಊರಿನಿಂದ ಬಂದದ್ದು ಎಂದು ಸುಳ್ಳು ಹೇಳಿದೆ. ನಿಮ್ಮ ಮನೆಯವರ ಜೊತೆ ಒಂದು ಮಾತೂ ಆಡಬಾರದು ಎಂದು ಅವರ ಕಟ್ಟಪ್ಪಣೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾರೆ ಎನ್ನುತ್ತಾರೆ. ಇನ್ನು ಮುಂದೆ ಮನೆಯ ವಿಳಾಸಕ್ಕೆ ಬರೆಯಿರಿ, ಕವರಿನ ಹಿಂದೆ ಬರೆದಿದ್ದೇನೆ.

ನಾನು ಅಫಜಲಪುರ ಕಡೆಯವನು. ಏಳನೆಯ ತರಗತಿವರೆಗೆ ಕನ್ನಡ ಶಾಲೆ. ಅಪ್ಪ, ಅವ್ವ ಕಟ್ಟಡದ ಕೆಲಸಕ್ಕೆಂದು ಕಲ್ಯಾಣಕ್ಕೆ ಬಂದರು, ಜೊತೆಗೆ ನಾನೂ ಬಂದೆ. ಹದಿನಾರು ವರ್ಷದಿಂದ ಸೈಕಲ್ ಕೆಲಸ. ಬರವಣಿಗೆಯಲ್ಲಿ ತಪ್ಪಿದ್ದರೆ ಮನ್ನಿಸಿ.

ನಿಮ್ಮ ಮಗ ನನಗೆ ಚೆನ್ನಾಗಿ ನೆನಪಿದ್ದಾರೆ. ಮೂರು ಭಾನುವಾರ ಬಂದಿದ್ದರು. ಕೈಯಲ್ಲಿ ಒಂದು ಹಾಳೆ, ಅದರಲ್ಲಿ ಒಂದೊಂದು ಭಾಗದ ತೂಕ ಗ್ರಾಮಿನ ಲೆಕ್ಕದಲ್ಲಿ. ಅವರಿಗೆ ಬೇಕಾದದ್ದು ಗ್ರಾವೆಲ್ ಸೈಕಲ್. ಹ್ಯಾಂಡಲ್ ರೇಸಿನ ಸೈಕಲ್ಲಿನ ಹಾಗೆ ಬಾಗಿರುತ್ತದೆ, ಟೈರು ಮಾತ್ರ ದಪ್ಪ. ಡಾಂಬರಿನ ಮೇಲೂ ಓಡುತ್ತದೆ, ಕಲ್ಲು ಮಣ್ಣಿನ ದಾರಿಯಲ್ಲೂ ಓಡುತ್ತದೆ. ಮುರಬಾಡದಿಂದ ನಾಣೇಘಾಟಿನ ಬುಡಕ್ಕೆ, ಅಲ್ಲಿಂದ ಸುತ್ತು ಹಾಕಿ ಜುನ್ನರಿಗೆ ಹೋಗಬೇಕು ಎನ್ನುತ್ತಿದ್ದರು. ಟೈರು, ಗೇರು ಬೇಗ ತೀರ್ಮಾನವಾಯಿತು. ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಹನ್ನೊಂದು, ಕೆಡುವುದು ಕಡಿಮೆ. ತಡವಾದದ್ದು ಬ್ರೇಕಿಗೆ.

ಬ್ರೇಕು ಎಂದರೆ ಚಕ್ರದ ನಡುವೆ ಒಂದು ಉಕ್ಕಿನ ಡಿಸ್ಕು. ಎರಡು ಕಡೆಯಿಂದ ಎರಡು ಪ್ಯಾಡು ಅದನ್ನು ಕಚ್ಚಿ ಹಿಡಿಯುತ್ತವೆ. ಹೈಡ್ರಾಲಿಕ್‌ನಲ್ಲಿ ಕೊಳವೆಯೊಳಗೆ ದ್ರವ ತುಂಬಿರುತ್ತದೆ, ಒಂದು ಬೆರಳು ಸಾಕು. ಆದರೆ ಕೊಳವೆಗೆ ಕಲ್ಲು ಬಡಿದು ಸೋರಿದರೆ ಅಲ್ಲಿಗೆ ಮುಗಿಯಿತು. ವೈರಿನದು ಸಡಿಲಾದರೆ ರಸ್ತೆ ಬದಿ ಕೂತು ಒಂದು ಅಲೆನ್ ಕೀಯಿಂದ ತಾವೇ ಬಿಗಿ ಮಾಡಿಕೊಳ್ಳಬಹುದು. “ಭಾಯಿ, ನೀವು ಹೋಗುವ ಕಡೆ ರಿಪೇರಿಗೆ ಯಾರೂ ಸಿಗುವುದಿಲ್ಲ” ಎಂದೆ. “ಆಪ್ ಡರಾತೇ ಬಹುತ್ ಹೋ”, ಬಹಳ ಹೆದರಿಸುತ್ತೀರಿ ಎಂದು ನಕ್ಕರು. ಮೂರನೇ ಭಾನುವಾರ ಒಪ್ಪಿದರು. ವೈರಿನಲ್ಲೇ ಒಳ್ಳೆಯದು, ಎರಡೂ ಪ್ಯಾಡು ಒಟ್ಟಿಗೆ ಒತ್ತುವಂಥದ್ದು ಹಾಕಿದೆ. ಹಿಂದಿನ ಚಕ್ರಕ್ಕೆ ಚಿಕ್ಕ ಡಿಸ್ಕು ಸಾಕು ಎಂದು ಅವರು, ಬೇಡ, ಎರಡಕ್ಕೂ ನೂರ ಅರವತ್ತು ಮಿಲಿಮೀಟರಿನದೇ ಇರಲಿ ಎಂದು ನಾನು. ಪ್ಯಾಡಿನಲ್ಲಿ ಲೋಹದ್ದು ಬಹಳ ಬಾಳಿಕೆ, ಆದರೆ ಕಿರುಚುತ್ತದೆ. ಸದ್ದು ಬೇಡ ಎಂದು ಅವರು ಮೆತ್ತನೆಯದನ್ನು ಆರಿಸಿದರು. ಅದೂ ಒಳ್ಳೆಯದೇ. ಕಡಿಮೆ ದರ್ಜೆಯ ಬ್ರೇಕಲ್ಲ ತಾಯಿ. ಅದನ್ನೇ ನಾನು ನೂರಾರು ಸೈಕಲ್ಲಿಗೆ ಹಾಕಿದ್ದೇನೆ.

ಕೊಡುವಾಗ ಹೇಳಿ ಕಳಿಸಿದೆ: ಹೊಸ ಪ್ಯಾಡು, ಹೊಸ ಡಿಸ್ಕು ಹೊಂದಿಕೊಳ್ಳುವವರೆಗೆ ಹಿಡಿತ ಕಡಿಮೆ ಇರುತ್ತದೆ, ಬಯಲಿನಲ್ಲಿ ಇಪ್ಪತ್ತು ಸಲ ಜೋರಾಗಿ ಬಂದು ಬ್ರೇಕ್ ಹಿಡಿದು ನಿಧಾನ ಮಾಡಿ, ಮೊದಮೊದಲು ಜಾರಿದ ಹಾಗಾದರೆ ಹೆದರಬೇಡಿ ಎಂದು.

ಪೊಲೀಸರು ಸೈಕಲ್ಲನ್ನು ನನ್ನ ಎದುರಿಗೇ ನೋಡಿದರು. ವೈರು, ಬೋಲ್ಟು ಎಲ್ಲ ಬಿಗಿಯಾಗಿತ್ತು. ಹಾಗಿದ್ದೂ ಯಾಕೆ ಹಿಡಿಯಲಿಲ್ಲ ಎಂದು ನನಗೂ ತಿಳಿಯುತ್ತಿಲ್ಲ. ಗುರುವಾರದಿಂದ ಭಾನುವಾರದ ತನಕ ಸೈಕಲ್ ಎಲ್ಲಿತ್ತು, ಯಾರು ಮುಟ್ಟಿದರು, ಎಲ್ಲಾದರೂ ಬಿದ್ದಿತ್ತೇ? ನೆನಪಿದ್ದಷ್ಟು ಬರೆಯಿರಿ.

ಲಕ್ಷ್ಮೀಕಾಂತ


ಡೊಂಬಿವಲಿ ಪೂರ್ವ
೧೬ ಫೆಬ್ರವರಿ ೨೦೨೫

ಲಕ್ಷ್ಮೀಕಾಂತ ಅವರಿಗೆ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. “ಆಪ್ ಡರಾತೇ ಬಹುತ್ ಹೋ” ಎಂದದ್ದು ಅವನೇ. ನನಗೂ ದಿನಾ ಹಾಗೇ ಹೇಳುತ್ತಿದ್ದ. ನಾಲ್ಕು ತಿಂಗಳ ಮೇಲೆ ಅವನ ದನಿ ಕೇಳಿದ ಹಾಗಾಯಿತು. ಅದಕ್ಕಾಗಿ, ಬೇರೆ ಏನೇ ಇರಲಿ, ನಿಮಗೆ ಋಣಿ.

ಆ ಮೂರು ದಿನದ ವಿಷಯ ಕೇಳಿದ್ದೀರಿ. ನನಗೆ ಗಂಟೆ ಗಂಟೆಯೂ ನೆನಪಿದೆ. ಗುರುವಾರ ಸಂಜೆ ಲಿಫ್ಟಿನಲ್ಲಿ ಸೈಕಲ್ ತರಬಾರದು ಎಂದು ವಾಚ್‌ಮನ್ ತಗಾದೆ ತೆಗೆದ. ಮನೀಶ ಹೆಗಲ ಮೇಲೆ ಹೊತ್ತು ಮೂರು ಮಹಡಿ ಹತ್ತಿಸಿದ. ಎಲ್ಲೂ ತಾಗಿಸಲಿಲ್ಲ. ಹಾಲಿನಲ್ಲಿ ನನ್ನ ಹೊಲಿಗೆ ಮಷೀನಿನ ಪಕ್ಕ ನಿಲ್ಲಿಸಿದ. ಶುಕ್ರವಾರ ಐರೋಲಿಗೆ ಆಫೀಸಿಗೆ ಹೋದ, ಸೈಕಲ್ ನಿಂತಲ್ಲೇ ಇತ್ತು.

ಶನಿವಾರ ದಸರಾ. ಪ್ರತಿ ವರ್ಷ ನನ್ನ ಮಷೀನಿಗೆ, ಕತ್ತರಿಗೆ, ನಮ್ಮ ಮನೆಯವರ ಸ್ಕೂಟರಿಗೆ ಪೂಜೆ. ಈ ಸಲ ಸೈಕಲ್ಲೂ ಸೇರಿತು. ಅವನು ಸ್ನಾನಕ್ಕೆ ಹೋದಾಗ ನಾನೇ ಕೂತು ಸ್ವಚ್ಛ ಮಾಡಿದೆ. ಮಷೀನಿಗೆ ಹಾಕುವ ಎಣ್ಣೆಯನ್ನು ಬಟ್ಟೆಗೆ ಹಚ್ಚಿ ಹ್ಯಾಂಡಲ್, ಚೈನು, ಚಕ್ರದ ನಡುವಿನ ಆ ಎರಡು ಉಕ್ಕಿನ ತಟ್ಟೆ ಎಲ್ಲವನ್ನೂ ಒರೆಸಿದೆ. ತಟ್ಟೆಗಳಲ್ಲಿ ತೂತು ತೂತಿದೆಯಲ್ಲ, ಬಟ್ಟೆಯ ತುದಿ ತೂರಿಸಿ ಒಂದೊಂದನ್ನೂ ಉಜ್ಜಿದೆ. ಎಣ್ಣೆ ಕಾಣದ ಉಕ್ಕಿಗೆ ಇಲ್ಲಿನ ಗಾಳಿಯಲ್ಲಿ ಎಂಟು ದಿನಕ್ಕೆ ತುಕ್ಕು. ಆಮೇಲೆ ಕುಂಕುಮ ಇಟ್ಟು ಗೊಂಡೆ ಹೂವಿನ ಮಾಲೆ ಹಾಕಿದೆ. ಸ್ನಾನ ಮುಗಿಸಿ ಬಂದವನು ನೋಡಿ, “ಮಮ್ಮಿ, ಶೋರೂಮ್ ಬನಾ ದಿಯಾ”, ಶೋರೂಮೇ ಮಾಡಿಬಿಟ್ಟೆ ಎಂದು ನನ್ನ ತಲೆಯ ಮೇಲೆ ಗಲ್ಲ ಇಟ್ಟು ನಿಂತ. ಅಷ್ಟು ಎತ್ತರ ಅವನು.

ಸಂಜೆ ಕೆಳಗೆ ಕಾಂಪೌಂಡಿನಲ್ಲಿ ಹತ್ತು ಸುತ್ತು ಹೊಡೆದ. ಮೇಲೆ ಬಂದು, “ಬ್ರೇಕ್ ಥೋಡಾ ಫಿಸಲ್ ರಹಾ ಹೈ”, ಬ್ರೇಕ್ ಸ್ವಲ್ಪ ಜಾರುತ್ತಿದೆ ಎಂದ. ಹಾಗಾದರೆ ನಾಳೆ ಬೇಡ ಮಗಾ, ಸೋಮವಾರ ತೋರಿಸು ಎಂದೆ. “ನಯಾ ಹೈ ಮಮ್ಮಿ. ಮೆಕ್ಯಾನಿಕ್ ಬೋಲಾ ಹೈ, ಡರನೇ ಕಾ ನಹೀ” ಎಂದ. ಹೊಸದು, ಹೆದರಬೇಕಾಗಿಲ್ಲ ಎಂದು ಮೆಕ್ಯಾನಿಕ್ ಹೇಳಿದ್ದಾನಂತೆ.

ಇದನ್ನು ನೀವು ಓದಬೇಕು ಎಂದೇ ಬರೆದಿದ್ದೇನೆ. ನನ್ನ ಮಾತಿಗಿಂತ ಅವನಿಗೆ ನಿಮ್ಮ ಮಾತು ದೊಡ್ಡದಾಯಿತು.

ಸೈಕಲ್ ಹಿಂದಿನ ಬಾಲ್ಕನಿಯಲ್ಲಿದೆ. ಮುಂದಿನ ಚಕ್ರ ಸೊಟ್ಟಗಾಗಿದೆ. ಬೇಕಿದ್ದರೆ ಬಂದು ನೋಡಿ. ನೋಡಿ, ಏನಾಯಿತು ಎಂದು ಹೇಳಿ.

ಸುಗುಣಾ


ಶಹಾಡ್
೩೦ ಮಾರ್ಚ್ ೨೦೨೫, ಯುಗಾದಿ

ಸುಗುಣಾ ತಾಯಿಯವರಿಗೆ,

ಉತ್ತರಕ್ಕೆ ಆರು ವಾರ ಮಾಡಿದೆ. ಕ್ಷಮಿಸಿ.

ಸೈಕಲ್ ನೋಡಬೇಕಾಗಿಲ್ಲ. ತಪ್ಪು ನನ್ನದು. ಇದನ್ನು ವಿಚಾರ ಮಾಡಿ ಬರೆಯುತ್ತಿದ್ದೇನೆ, ಯಾರೂ ಹೇಳಿ ಬರೆಸಿದ್ದಲ್ಲ. ಏನು ತಪ್ಪು ಎಂದು ದಯವಿಟ್ಟು ಕೇಳಬೇಡಿ, ಅದನ್ನು ಬರೆಯುವ ಶಕ್ತಿ ನನಗಿಲ್ಲ.

ಒಂದು ಬೇಡಿಕೆ. ಆ ಸೈಕಲ್ಲನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ದಿನಾ ಕಣ್ಣಿಗೆ ಬೀಳುತ್ತದೆ. ಗುಜರಿಗೆ ಹಾಕಿಬಿಡಿ. ಬಿಚ್ಚಿಸುವುದು, ತೋರಿಸುವುದು ಏನೂ ಬೇಡ.

ಲಕ್ಷ್ಮೀಕಾಂತ


ಡೊಂಬಿವಲಿ ಪೂರ್ವ
೬ ಏಪ್ರಿಲ್ ೨೦೨೫

ಲಕ್ಷ್ಮೀಕಾಂತ,

ನಿನ್ನ ಕಾಗದ ಸಿಕ್ಕಿತು. ಇಷ್ಟು ದಿನ ‘ನೀವು’ ಎಂದು ಬರೆದೆ, ಇನ್ನು ಕೈ ಬರುವುದಿಲ್ಲ.

ನೂರಾರು ಸೈಕಲ್ಲಿಗೆ ಹಾಕಿದ್ದೇನೆ ಎಂದೆ ನೀನು. ಪೊಲೀಸರ ಎದುರು ಎಲ್ಲ ಬಿಗಿಯಾಗಿತ್ತು ಎಂದೆ. ನನ್ನನ್ನು ಮೂರು ದಿನದ ಲೆಕ್ಕ ಕೇಳಿದೆ, ನಾನು ಹುಚ್ಚಿಯ ಹಾಗೆ ಕೂತು ಪೂಜೆಯ ಹೂವಿನವರೆಗೆ ಎಲ್ಲ ಬರೆದೆ. ಅಷ್ಟು ಹೊತ್ತೂ ನಿನಗೆ ಗೊತ್ತಿತ್ತು.

ನಮ್ಮವರು, ಮುರಾರಿ, ಠಾಣೆಯಲ್ಲಿ ಹೋಟೆಲಿನ ಮ್ಯಾನೇಜರು. ಜೋರು ಮಾತೇ ಆಡದವರು. ಕಾಗದ ಓದಿ, ಕೋರ್ಟು ಕಚೇರಿ ಬೇಡ, ಹುಡುಗ ವಾಪಸು ಬರುವುದಿಲ್ಲ ಎಂದರು. ನಾನು ಸುಮ್ಮನಿರಲಿಲ್ಲ. ಸಮಿತ್‌ನನ್ನು ಕರೆದುಕೊಂಡು ಹೋಗಿ ಕಶ್ಯಪನ ಮುಂದೆ ನಿನ್ನ ಅಕ್ಷರ ಹಿಡಿದು, ಒಂದೊಂದು ಸಾಲನ್ನೂ ಹಿಂದಿಯಲ್ಲಿ ಹೇಳಿದೆ. ನಿನ್ನನ್ನು ತೆಗೆದುಹಾಕಿದ್ದೇನೆ ಎಂದು ನಿನ್ನೆ ಅವನು ಫೋನ್ ಮಾಡಿದ. ಸೈಕಲ್ ಓಡಿಸುವವರ ಗುಂಪಿನಲ್ಲಿ ಸಮಿತ್ ನಿನ್ನ ಹೆಸರು, ಫೋಟೋ ಹಾಕಿದ್ದಾನೆ. ಕಲ್ಯಾಣದಿಂದ ಠಾಣೆಯವರೆಗೆ ಯಾವ ಅಂಗಡಿಯವನೂ ನಿನ್ನ ಕೈಗೆ ಪಾನಾ, ಸ್ಪ್ಯಾನರು ಕೊಡುವುದಿಲ್ಲ.

ನಿನ್ನೆ ಮಧ್ಯಾಹ್ನ ನನಗೆ ಊಟ ರುಚಿಸಿತು. ಆರು ತಿಂಗಳಲ್ಲಿ ಮೊದಲ ಸಲ.

ಸುಗುಣಾ


ಕಳಂಬೋಲಿ
೨೨ ಜೂನ್ ೨೦೨೫

ಸುಗುಣಾ ತಾಯಿಯವರಿಗೆ,

ಮತ್ತೆ ಬರೆಯಬಾರದು ಎಂದಿದ್ದೆ. ಒಂದು ಮಾತು ಕೇಳುವುದಕ್ಕಾಗಿ ಬರೆಯುತ್ತಿದ್ದೇನೆ.

ನಾವು ಶಹಾಡ್ ಬಿಟ್ಟು ಇಲ್ಲಿಗೆ ಬಂದಿದ್ದೇವೆ. ನಮ್ಮೂರಿನ ಮಾಪಣ್ಣ ಇಲ್ಲಿ ಉಕ್ಕಿನ ಮಾರ್ಕೆಟ್ಟಿನಲ್ಲಿ ಲೋಡಿಂಗ್ ಕೆಲಸ ಮಾಡುತ್ತಾನೆ, ಅವನ ಗ್ಯಾಂಗಿನಲ್ಲಿ ಸೇರಿಕೊಂಡೆ. ಕಬ್ಬಿಣದ ಸರಳಿನ ಕಟ್ಟು ಲಾರಿಗೆ ಏರಿಸುವುದು, ಇಳಿಸುವುದು. ಇದನ್ನು ದೂರೆಂದು ತಿಳಿಯಬೇಡಿ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ.

ಆ ಸೈಕಲ್ ಗುಜರಿಗೆ ಹೋಯಿತೇ? ಹೋಗಿದ್ದರೆ ‘ಹೋಯಿತು’ ಎಂದು ಒಂದೇ ಶಬ್ದ ಬರೆದು ಹಾಕಿ. ಇನ್ನೂ ಇದ್ದರೆ ಇಂದೇ ಕೊಟ್ಟುಬಿಡಿ. ನೀವು ಹೂಂ ಎಂದರೆ ಮಾಪಣ್ಣ ಟೆಂಪೋ ತಂದು ತಾನೇ ಒಯ್ಯುತ್ತಾನೆ, ನಾನು ಬರುವುದಿಲ್ಲ.

ಲಕ್ಷ್ಮೀಕಾಂತ


ಡೊಂಬಿವಲಿ ಪೂರ್ವ
೧ ಜುಲೈ ೨೦೨೫

ಲಕ್ಷ್ಮೀಕಾಂತ,

ಸತ್ತವನು ನನ್ನ ಮಗ. ಅವನ ಸೈಕಲ್ಲಿನ ಮೇಲೆ ನಿನಗೇಕೆ ಇಷ್ಟು ಕಾಳಜಿ? ಒಮ್ಮೆ ಹೇಳಿದೆ, ಈಗ ಟೆಂಪೋ ಕಳಿಸುತ್ತೇನೆ ಎನ್ನುತ್ತೀಯ. ಅದರಲ್ಲಿ ಏನೋ ಇದೆ. ನೀನು ಒಪ್ಪಿಕೊಂಡದ್ದಕ್ಕಿಂತ ದೊಡ್ಡದು ಏನೋ ಇದೆ. ಹಳೆಯ ಸಾಮಾನು ಹಾಕಿ ಹೊಸದೆಂದು ಕೊಟ್ಟೆಯಾ?

ಈ ಭಾನುವಾರ ಅದನ್ನು ಬೇರೆ ಅಂಗಡಿಗೆ ಒಯ್ದು ಬಿಚ್ಚಿಸುತ್ತೇನೆ. ಸಮಿತ್ ಕಾರು ತರುತ್ತಾನೆ.

ಸುಗುಣಾ


ಕಳಂಬೋಲಿ
೫ ಜುಲೈ ೨೦೨೫

ತಾಯಿ,

ನಿಮ್ಮ ಕಾಗದ ಈಗ ಕೈಗೆ ಬಂತು, ನಾಳೆಯೇ ಭಾನುವಾರ. ಇದು ನಿಮಗೆ ಯಾವಾಗ ಮುಟ್ಟುತ್ತದೋ ಗೊತ್ತಿಲ್ಲ. ಫೋನ್ ಮಾಡೋಣ ಎಂದರೆ ನಿಮ್ಮ ನಂಬರು ನನ್ನಲ್ಲಿಲ್ಲ. ಅಂಗಡಿಗೆ ಫೋನ್ ಮಾಡಿ ಕೇಳಿದೆ, ಸೇಠ್ ಬೈದು ಇಟ್ಟರು.

ಬಿಚ್ಚಿಸಬೇಡಿ. ಹಳೆಯ ಸಾಮಾನು ಹಾಕಿದೆ ಎಂದೇ ತಿಳಿಯಿರಿ. ಕಳ್ಳ ಎನ್ನಿ. ನಿಮಗೆ ಏನು ಅನಿಸುತ್ತದೋ ಅದೇ ಇರಲಿ. ಆದರೆ ಆ ಬ್ರೇಕು ಬಿಚ್ಚಿಸಬೇಡಿ. ಕೈ ಮುಗಿಯುತ್ತೇನೆ.

ಲಕ್ಷ್ಮೀಕಾಂತ


ಡೊಂಬಿವಲಿ ಪೂರ್ವ
೨೪ ಸೆಪ್ಟೆಂಬರ್ ೨೦೨೫

ಲಕ್ಷ್ಮೀಕಾಂತ ಅವರಿಗೆ,

ನಿಮ್ಮ ಜುಲೈ ಐದರ ಕಾಗದ ನನಗೆ ಎಂಟಕ್ಕೆ ಸಿಕ್ಕಿತು. ಎರಡು ದಿನ ತಡವಾಗಿತ್ತು.

ಆರನೇ ತಾರೀಕು ಏನಾಯಿತೆಂದು ಬರೆಯುತ್ತೇನೆ. ಅಂಗಡಿ ಕಲ್ಯಾಣದಲ್ಲಿ. ಕೆಲಸ ಮಾಡುವವಳು ಒಬ್ಬ ಹೆಂಗಸು, ಅಮಿತಾ ಎಂದು ಹೆಸರು, ಮರಾಠಿಯವಳು. ಹಿಂದಿನ ಚಕ್ರ ತೆಗೆದು ಪ್ಯಾಡು ಹೊರಗೆಳೆದಳು. ಬೆರಳಿನಿಂದ ಒರೆಸಿದಳು, ಮೂಸಿದಳು. ಮುಂದಿನದನ್ನೂ ತೆಗೆದಳು. ಆಮೇಲೆ ಸಮಿತ್ ಕಡೆ ತಿರುಗಿ, “ಯಾಲಾ ತೇಲ್ ಕೋಣೀ ಲಾವಲಂ?” ಎಂದಳು. ಇದಕ್ಕೆ ಎಣ್ಣೆ ಹಚ್ಚಿದವರು ಯಾರು ಎಂದು.

ಸಮಿತ್, ಯಾಕೆ, ಎಣ್ಣೆ ಹಾಕಬಾರದೇ ಎಂದ. ಅವಳು ಡಿಸ್ಕನ್ನು ಬೆಳಕಿಗೆ ಹಿಡಿದು ತೋರಿಸಿದಳು. ಇದಕ್ಕೆ ಒಂದು ಹನಿ ತಾಗಿದರೂ ಪ್ಯಾಡು ಹೀರಿಕೊಳ್ಳುತ್ತದೆ, ಆಮೇಲೆ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ, ಇಲ್ಲಿ ಎರಡಕ್ಕೂ ಯಾರೋ ಕೂತು ಹಚ್ಚಿದ್ದಾರೆ, ತೂತುಗಳಲ್ಲೂ ಇದೆ ಎಂದಳು. ಜೋಡಿಸಿದ್ದರಲ್ಲಿ ಏನಾದರೂ ತಪ್ಪಿದೆಯೇ ಎಂದು ಸಮಿತ್ ಕೇಳಿದ. “ಇಲ್ಲ, ಜೋಡಿಸಿದವನ ಕೈ ಚೆನ್ನಾಗಿದೆ” ಎಂದಳು.

“ಮೀ ಲಾವಲಂ” ಎಂದೆ. ನಾನು ಹಚ್ಚಿದ್ದು. ಅವಳಿಗೆ ಏನೂ ಗೊತ್ತಿಲ್ಲವಲ್ಲ, ನಕ್ಕುಬಿಟ್ಟಳು. “ಅಸೂ ದ್ಯಾ ಕಾಕೂ, ಇರಲಿ ಬಿಡಿ, ಹೊಸ ಪ್ಯಾಡು ಹಾಕಿಕೊಡುತ್ತೇನೆ” ಎಂದಳು. ಸಮಿತ್ ನನ್ನ ಮುಖ ನೋಡಲಿಲ್ಲ.

ನಲವತ್ತು ದಿನ ಇವರಿಗೆ ಹೇಳಲಿಲ್ಲ. ಮಷೀನಿನ ಮುಂದೆ ಕೂರಲಿಲ್ಲ, ಬಂದ ಬಟ್ಟೆ ಎಲ್ಲ ತಿರುಗಿ ಕಳಿಸಿದೆ. ಆಗಸ್ಟಿನಲ್ಲಿ ಒಂದು ದಿನ ಇವರು ಕೆಲಸಕ್ಕೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಹೇಳಿಬಿಟ್ಟೆ. ಬಾಗಿದವರು ಬಾಗಿದ ಹಾಗೇ ಇದ್ದರು. “ಈ ಎಂಕ್ ದಾಯೆಗ್ ಪಂಡ?” ಎಂದರು. ನನಗೆ ಯಾಕೆ ಹೇಳಿದೆ ಎಂದು. ಚಪ್ಪಲಿ ಹಾಕಿಕೊಂಡು ಹೋದರು. ಈಗ ಹೋಟೆಲಿನವರ ಕೋಣೆಯಲ್ಲೇ ಮಲಗುತ್ತಾರೆ. ಭಾನುವಾರ ಬರುತ್ತಾರೆ, ಊಟ ಮಾಡುತ್ತಾರೆ, ಹೋಗುತ್ತಾರೆ. ಒಂದು ಕೆಟ್ಟ ಮಾತು ಆಡಿಲ್ಲ.

ಕಳೆದ ವಾರ ಕಶ್ಯಪನ ಅಂಗಡಿಗೆ ಹೋಗಿ, ಅವನ ಗಿರಾಕಿಗಳ ಮುಂದೆಯೇ ನಿಂತು, ತಪ್ಪು ನನ್ನದು, ಮೆಕ್ಯಾನಿಕ್‌ನದಲ್ಲ ಎಂದೆ. ಸಮಿತ್ ಗುಂಪಿನಲ್ಲಿ ಅದನ್ನೇ ಬರೆದ. ನೀವು ಯಾವಾಗ ಬಂದರೂ ಕೆಲಸ ಇದೆ ಎಂದು ಕಶ್ಯಪ ಹೇಳಿದ್ದಾನೆ.

ಇಷ್ಟು ನಾನು ಮಾಡಿದ್ದು. ಈಗ ನಾನು ಕೇಳುವುದನ್ನು ಕೇಳಿ. ನನ್ನ ಫೆಬ್ರವರಿಯ ಕಾಗದ ಓದಿದ ದಿನವೇ ನಿಮಗೆ ತಿಳಿಯಿತು. ತಿಳಿದೂ ತಪ್ಪು ನನ್ನದು ಎಂದು ಬರೆದಿರಿ. ನಾನು ಅದನ್ನು ಹಿಡಿದುಕೊಂಡು ಊರೆಲ್ಲ ತಿರುಗಿದೆ, ನಿಮ್ಮ ಅನ್ನ ಕಿತ್ತುಕೊಂಡೆ, ಕಿತ್ತುಕೊಂಡು ನನ್ನ ಅನ್ನ ರುಚಿಸಿತು ಎಂದು ಬರೆದೆ. ನನ್ನ ಕೈಯಲ್ಲಿ ಅದನ್ನೆಲ್ಲ ಮಾಡಿಸಿದವರು ನೀವು. ಇದು ದಯೆಯೇ? ಮಗನನ್ನು ಕೊಂದದ್ದು ನನ್ನ ಕೈ ಎಂದು ಬೇರೆ ಯಾರೋ ನಗುತ್ತ ಹೇಳಬೇಕಾಯಿತು. ನೀವು ಹೇಳಬೇಕಿತ್ತು. ನನ್ನ ಭಾಷೆಯಲ್ಲಿ, ಕಾಗದದಲ್ಲಿ, ನಾನು ಒಬ್ಬಳೇ ಇದ್ದಾಗ.

ಇನ್ನು ನನ್ನಿಂದ ಏನನ್ನೂ ಮುಚ್ಚಿಡಬೇಡಿ. ಏನಿದ್ದರೂ ಬರೆಯಿರಿ.

ಸುಗುಣಾ


ಕಳಂಬೋಲಿ
೯ ಅಕ್ಟೋಬರ್ ೨೦೨೫

ಸುಗುಣಾ ತಾಯಿಯವರಿಗೆ,

ಏನಿದ್ದರೂ ಬರೆಯಿರಿ ಎಂದಿದ್ದೀರಿ. ಬರೆಯುತ್ತೇನೆ.

ನಿಮ್ಮ ಮೇಲಿನ ದಯೆಯಿಂದ ಸುಮ್ಮನಿದ್ದೆ ಎನ್ನುವುದು ಅರ್ಧ ಮಾತ್ರ ನಿಜ. ಆ ಗುರುವಾರ ಅಂಗಡಿಯಲ್ಲಿ ದಸರಾದ ನೂಕುನುಗ್ಗಲು. ನಿಮ್ಮ ಮಗ ಬಂದು, ನಾನು ವೈರು ಎಳೆದಿದ್ದ ರೀತಿ ಸರಿಯಿಲ್ಲ ಎಂದು ಫೋನಿನಲ್ಲಿ ಯಾವುದೋ ವಿಡಿಯೋ ಹಾಕಿ ಎಲ್ಲರ ಮುಂದೆ ತೋರಿಸಿದರು. ಸೇಠ್ ನಕ್ಕರು, ಗಿರಾಕಿಗಳೂ ನಕ್ಕರು. ನಾನು ಎಳೆದದ್ದು ಸರಿಯೇ ಇತ್ತು. ಬಾಯಿ ಮುಚ್ಚಿಕೊಂಡು ಕೆಲಸ ಮುಗಿಸಿದೆ. ಮೊದಲ ಕಾಗದದಲ್ಲಿ ಬರೆದಷ್ಟೇ, ಹಿಡಿತ ಕಡಿಮೆ ಇರುತ್ತದೆ, ಹೆದರಬೇಡಿ ಎಂದು ಹೇಳಿದೆ.

ಪ್ರತಿ ವರ್ಷ ದಸರಾದ ಮುಂಚೆ ಡಿಸ್ಕಿನ ಸೈಕಲ್ ಒಯ್ಯುವವರಿಗೆಲ್ಲ ನಾನು ಇನ್ನೊಂದು ಮಾತು ಹೇಳುತ್ತೇನೆ: ಪೂಜೆಗೆ ಒರೆಸುವಾಗ ಡಿಸ್ಕಿಗೆ ಎಣ್ಣೆ ತಾಗಿಸಬೇಡಿ, ಮನೆಯಲ್ಲಿ ಹೆಣ್ಣುಮಕ್ಕಳಿಗೂ ಹೇಳಿ ಎಂದು. ಆ ದಿನ ಅದು ನಾಲಿಗೆಯ ತುದಿಗೆ ಬಂದಿತ್ತು. ಅವರು ಆಗಲೇ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುತ್ತಿದ್ದರು. ಎಲ್ಲಾ ತಿಳಿದವನಲ್ಲವೇ, ಇದನ್ನೂ ವಿಡಿಯೋದಲ್ಲೇ ನೋಡಿಕೊಳ್ಳಲಿ ಎಂದು ಬಿಟ್ಟೆ. ಅರ್ಧ ನಿಮಿಷದ ಮಾತು ತಾಯಿ. ಸಿಟ್ಟಿಗೆ ಬಿಟ್ಟೆ.

ನಿಮ್ಮ ಫೆಬ್ರವರಿಯ ಕಾಗದವನ್ನು ಶಹಾಡ್ ಸ್ಟೇಷನ್ನಿನಲ್ಲಿ ನಿಂತು ಓದಿದೆ. ‘ತಟ್ಟೆ’ ಎಂಬ ಶಬ್ದಕ್ಕೆ ಬಂದಾಗ ಎಲ್ಲ ತಿಳಿಯಿತು. ಲೋಕಲ್ ಬಂದು ಹೋಯಿತು, ಹತ್ತಲಿಲ್ಲ. ಆಮೇಲೆ ಎಷ್ಟೋ ಸಲ ಉತ್ತರ ಬರೆದು ಹರಿದೆ. ನೀವು ಮಾಡಿದ್ದನ್ನು ಬರೆದರೆ ನಾನು ಬಿಟ್ಟದ್ದನ್ನೂ ಬರೆಯಬೇಕಾಗುತ್ತಿತ್ತು. ತಪ್ಪು ನನ್ನದು ಎಂದಷ್ಟೇ ಬರೆದರೆ ನಿಮ್ಮದೂ ಮುಚ್ಚಿ ಹೋಗುತ್ತದೆ, ನನ್ನದೂ ಮುಚ್ಚಿ ಹೋಗುತ್ತದೆ ಎಂದುಕೊಂಡೆ. ಕೆಲಸ ಹೋದಾಗ, ಆಗಬೇಕಾದದ್ದೇ ಆಯಿತು ಅನಿಸಿತು. ನೀವು ಮಗನ ಮೇಲಿನ ಪ್ರೀತಿಯಿಂದ ಎಣ್ಣೆ ಹಚ್ಚಿದಿರಿ. ನನ್ನ ಕಡೆ ಅಂಥದ್ದು ಹೇಳಿಕೊಳ್ಳಲು ಏನೂ ಇಲ್ಲ.

ಸೇಠ್ ಮಾಪಣ್ಣನ ಮೂಲಕ ಹೇಳಿ ಕಳಿಸಿದ್ದರು. ನಾನು ಹೋಗಲಾರೆ. ಯಾಕೆ ಎಂದು ಬರೆಯಬಾರದು ಎಂದಿದ್ದೆ, ಆದರೆ ಮುಚ್ಚಿಡಬೇಡಿ ಎಂದು ನೀವೇ ಬರೆದಿದ್ದೀರಿ. ಆಗಸ್ಟ್ ಹತ್ತೊಂಬತ್ತಕ್ಕೆ ಸರಳಿನ ಕಟ್ಟು ಇಳಿಸುವಾಗ ಸರಪಳಿ ಜಾರಿತು. ಎಡಗೈಯ ಎರಡು ಬೆರಳು ಹೋದವು, ಹೆಬ್ಬೆರಳು ಬಾಗುವುದಿಲ್ಲ. ಲೋಡಿಂಗ್ ಆಗುವುದಿಲ್ಲ, ಸೈಕಲ್ಲಿನ ಸಣ್ಣ ಸ್ಕ್ರೂ ಹಿಡಿಯುವುದಕ್ಕೂ ಆಗುವುದಿಲ್ಲ. ಇದನ್ನು ನಿಮ್ಮ ತಲೆಗೆ ಕಟ್ಟಲು ಬರೆದದ್ದಲ್ಲ.

ನನ್ನ ಹೆಂಡತಿ ದಾನಮ್ಮ ಹಾಗೆ ತಿಳಿಯುವುದಿಲ್ಲ. ಅವಳಿಗೆ ಓದು ಬರುವುದಿಲ್ಲ. ನಿಮ್ಮ ಕಾಗದ ಬಂದಾಗಲೆಲ್ಲ ಓದಿ ಹೇಳು ಎನ್ನುತ್ತಾಳೆ. ಈ ಸಲ ಪೂರ್ತಿ ಓದಿ ಹೇಳಿದೆ. ಕೇಳಿ ಎದ್ದು ನಿಂತು, “ಎಷ್ಟ್ ದಿನಾ ಹಿಂಗ ಕಾಗದ ಬರಕೋತ ಕೂಡ್ತೀರಿ ಇಬ್ಬರೂ? ಕೈ ಹೋಗಿದ್ದು ಕಾಗದದಾಗ ಕಾಣತದೇನು? ಆ ಅಮ್ಮಗ ಒಮ್ಮಿ ಬಂದು ನನ್ನ ಎದುರಿಗಿ ನಿಂದ್ರು ಅಂತ ಬರಿ” ಎಂದಳು. ಇದನ್ನು ಬಿಟ್ಟು ಬರೆಯೋಣ ಎಂದುಕೊಂಡೆ. ಬಿಡಲಿಲ್ಲ.

ಲಕ್ಷ್ಮೀಕಾಂತ


ಡೊಂಬಿವಲಿ ಪೂರ್ವ
೧೫ ಅಕ್ಟೋಬರ್ ೨೦೨೫

ಲಕ್ಷ್ಮೀಕಾಂತ ಅವರಿಗೆ,

ಓದಿದೆ. ಆ ಗುರುವಾರ ನೀವು ಹೇಳದೆ ಬಿಟ್ಟದ್ದನ್ನು ನಾನು ಕ್ಷಮಿಸಿದೆನೋ ಇಲ್ಲವೋ ಗೊತ್ತಿಲ್ಲ. ಗೊತ್ತಾದಾಗ ಹೇಳುತ್ತೇನೆ. ನಿಮ್ಮ ಬೆರಳಿನ ವಿಷಯಕ್ಕೆ ಬರೆಯಲು ಕೂತೆ, ಬರೆದದ್ದೆಲ್ಲ ಸಣ್ಣದಾಗಿ ಕಂಡಿತು, ಹೊಡೆದುಹಾಕಿದೆ.

ಹತ್ತೊಂಬತ್ತನೇ ತಾರೀಕು ಭಾನುವಾರ, ಕಲ್ಯಾಣದಿಂದ ಬೆಳಿಗ್ಗೆಯ ಪನವೇಲ್ ಬಸ್ಸಿನಲ್ಲಿ ಬರುತ್ತೇನೆ. ಒಬ್ಬಳೇ. ಕಳಂಬೋಲಿಯಲ್ಲಿ ಇಳಿದು ವಿಳಾಸ ಕೇಳಿಕೊಂಡು ಬರುತ್ತೇನೆ, ನೀವು ಕರೆಯಲು ಬರಬೇಡಿ. ಚಹಾ ತಿಂಡಿ ಏನೂ ಮಾಡಬಾರದು ಎಂದು ದಾನಮ್ಮನಿಗೆ ಹೇಳಿ.

ಅವಳು ಏನು ಹೇಳಬೇಕೆಂದಿದ್ದಾಳೋ ಎಲ್ಲ ಹೇಳಲಿ. ನೀವು ನಡುವೆ ಬಾಯಿ ಹಾಕಿ ತಡೆಯಬೇಡಿ. ಇಷ್ಟು ದಿನದಲ್ಲಿ ಒಬ್ಬರೂ ನನ್ನನ್ನು ಬೈದಿಲ್ಲ.

ಸುಗುಣಾ